ಪೂಜೆಗೆ ಇಟ್ಟ ಪೆಡಲ್ಲುಗಳು

ನಮ್ಮನೆಯವರ ಗಿಟಾರಿಗೆ ನಾಲ್ಕೇ ತಂತಿ. ಮದುವೆಯಾಗಿ ಬಂದ ಹೊಸದರಲ್ಲಿ, ಎರಡು ಕಿತ್ತುಹೋಗಿವೆ, ಹಾಕಿಸೋಕೆ ಸೋಮಾರಿತನ ಅಂದ್ಕೊಂಡಿದ್ದೆ. ಹಲಸೂರಿನ ನಮ್ಮ ವಠಾರದಲ್ಲಿ ಪಕ್ಕದ ಮನೆ ತಮಿಳಮ್ಮ ಎಷ್ಟೋ ವರ್ಷ ಆದಮೇಲೂ ಕೇಳೋಳು, "ಅಣ್ಣಾ, ಬಾಕಿ ತಂತಿ ಯಾವಾಗ ಹಾಕಿಸ್ತೀರ?" ಅಂತ.

"ಬೇಸ್ ಗಿಟಾರಮ್ಮಾ ಇದು. ಇದಕ್ಕೆ ನಾಲ್ಕೇ."

"ಅದೇ ಅಣ್ಣಾ, ಒಂದ್ಸಲ ಪೂರ್ತಿ ಮಾಡಿಸ್ಬಿಡಬಾರ್ದಾ?"

ಅವಳಿಗೆ ಗೊತ್ತಿತ್ತು. ಕೆಣಕೋದಕ್ಕೇ ಕೇಳೋಳು. ಇವರಿಗೆ ಪ್ರತಿ ಸಲವೂ ಸಿಟ್ಟು ಬರೋದು.

ನಂಗೆ ಸಂಗೀತ ಗೊತ್ತಿಲ್ಲ. ಓದಿದ್ದೂ ಅಷ್ಟಕ್ಕಷ್ಟೇ, ಬರೆಯುವಾಗ ಒತ್ತಕ್ಷರ ಎಲ್ಲೋ ಬಿಟ್ಟುಹೋಗುತ್ತೆ. ಆದ್ರೆ ಆ ಗಿಟಾರಿನ ಜೊತೆ ಒಂದೇ ಮನೆಯಲ್ಲಿ ಬಾಳಿದೀನಿ. ಬೇಸು ಅನ್ನೋದು ಜನ ಕಿವಿಗೊಟ್ಟು ಕೇಳೋ ಸದ್ದಲ್ಲ. ಹಾಡೋರು ಮೇಲೆ ಹಾಡ್ತಿರ್ತಾರೆ, ಇದು ಕೆಳಗೆ ಧುಂ ಧುಂ ಅಂತ ನಡೀತಿರುತ್ತೆ. ನಮ್ಮನೇಲಿ ಅದು ಮೊದಲು ಗೊತ್ತಾಗ್ತಿದ್ದಿದ್ದು ಪಾತ್ರೆಗಳಿಗೆ. ಹೊರಗಿನ ಕೋಣೆಯಲ್ಲಿ ಅವರು ಸ್ಪೀಕರಿಗೆ ವೈರು ಚುಚ್ಚಿ ಬಾರಿಸಿದ್ರೆ, ಅಡುಗೆಮನೆ ಸ್ಟ್ಯಾಂಡಿನ ಮೇಲಿದ್ದ ಅಕ್ಕಿ ಡಬರಿಯ ಮುಚ್ಚಳ ಗಿರ್ರ್ ಅಂತ ನಡುಗೋದು. ಎಲ್ಲಾ ಸ್ವರಕ್ಕಲ್ಲ, ದಪ್ಪ ತಂತಿಯ ತೀರಾ ಕೆಳಗಿನ ಸ್ವರಕ್ಕೆ ಮಾತ್ರ. ತಲೆನೋವು ಅಂತ ಮುಚ್ಚಳದ ಕೆಳಗೆ ಬಟ್ಟೆ ಚೂರು ಮಡಿಸಿ ಇಟ್ಟು ನೋಡಿದೆ. ದಿನಾ ಅಕ್ಕಿಗೆ ಅಂತ ತೆಗೆಯೋದೇ ತಡ, ಚೂರು ಬಿದ್ದುಹೋಗೋದು. ಬಿಟ್ಟೆ. ಬಟ್ಟೆ ಚೂರಿಗೇನೂ ಬರ ಇರಲಿಲ್ಲ, ನಾನು ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಗಳಿಗೆ ಫಾಲ್ ಹೊಲಿದುಕೊಡ್ತಿದ್ದೆ.

ಅವರು ಇದ್ದದ್ದು ಕೃಷ್ಣರಾಜಪುರದ ಕಡೆಯ ಸರ್ಕಾರಿ ಫ್ಯಾಕ್ಟ್ರಿಯಲ್ಲಿ. ಅವರ ಅಪ್ಪ ರಾಗಿ ಬೆಳೀತಿದ್ದದ್ದೂ ಆ ಕಡೆಯೇ. ಫ್ಯಾಕ್ಟ್ರಿಯವರದ್ದೇ ಒಂದು ಆರ್ಕೆಸ್ಟ್ರಾ ಇತ್ತು. ಎಲ್ಲರಿಗೂ ಹಾಡಬೇಕು, ಇಲ್ಲ ತಬಲ ಬಾರಿಸಬೇಕು. ಬೇಸು ಯಾರಿಗೂ ಬೇಡವಾಗಿತ್ತು, ಅದಕ್ಕೆ ಇವರಿಗೆ ಸಿಕ್ತು. ಹಂಗೇ ಅಂಟಿಕೊಂಡ್ತು. ಆಮೇಲೆ ತೊಂಬತ್ತರ ದಶಕದಲ್ಲಿ ಫ್ಯಾಕ್ಟ್ರಿ ಸೊರಗಿ, ವಿ.ಆರ್.ಎಸ್. ಅಂತ ಒಂದಿಷ್ಟು ದುಡ್ಡು ಕೊಟ್ಟು ಜನಾನ ಮನೆಗೆ ಕಳಿಸೋಕೆ ಶುರು ಮಾಡಿದ್ರು. ಇವರೂ ತಗೊಂಡು ಬಂದು ಕೂತ್ರು. ಮನೇಲಿ ಕೂತ ಗಂಡಸು ಹೆಂಗಿರ್ತಾನೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಏಳೋದು, ಪೇಪರ್ ಓದೋದು, ಸಾರಿಗೆ ಉಪ್ಪು ಜಾಸ್ತಿ ಅನ್ನೋದು.

ಅವರ ಜೊತೆ ಕೆಲಸ ಮಾಡ್ತಿದ್ದ ಒಬ್ಬ, ವಯಸ್ಸಿನಲ್ಲಿ ಚಿಕ್ಕವನು, ಹೊರಗೆ ಬಂದು ತನ್ನದೇ ಆರ್ಕೆಸ್ಟ್ರಾ ಕಟ್ಟಿದ್ದ, ಹಾಡೋನೂ ಅವನೇ. ಎಲ್ಲರೂ ಅವನನ್ನ ಓನರ್ ಅನ್ನೋರು. ಇವರನ್ನ ಬೇಸ್ ಬಾರಿಸೋಕೆ ಕರೆದ. ಗಣೇಶನ ಹಬ್ಬ, ದಸರಾ, ರಾಜ್ಯೋತ್ಸವ, ನಡುವೆ ಮದುವೆ ರಿಸೆಪ್ಷನ್ನು. ಬಿಳಿ ಪ್ಯಾಂಟು, ಮಿರಮಿರ ಅನ್ನೋ ಅಂಗಿ. ಪ್ರೋಗ್ರಾಮಿನ ದಿನ ಬೆಳಗ್ಗೆಯೇ ಗಡ್ಡ ಕೆರೆದು ಕೂರೋರು. ಆ ದಿನ ಉಪ್ಪಿನ ಮಾತು ಇರ್ತಿರಲಿಲ್ಲ. ಅವರನ್ನ ಮನುಷ್ಯರ ಥರ ಇಟ್ಟಿದ್ದು ಅದೊಂದೇ, ಅದು ನಂಗೆ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಓನರ್ ಸ್ಕೂಟರಿನಲ್ಲಿ ಮನೆಗೆ ಬಂದ. ಕಾಫಿ ಕುಡಿದ. ಲೋಟ ಕೆಳಗಿಟ್ಟು ಹೇಳಿದ:

"ಅಣ್ಣಾ, ತಪ್ಪು ತಿಳ್ಕೋಬೇಡಿ. ಈಗಿನ ಹಾಡು ಕ್ಯಾಸೆಟ್ಟಲ್ಲಿ ಕೇಳಿದೀರಲ್ಲ, ಬೇಸು ಎಷ್ಟು ಥರ ಬರುತ್ತೆ. ನಿಮ್ಮದು ಎಲ್ಲಾದಕ್ಕೂ ಒಂದೇ ಧುಂ ಧುಂ. ಕೀಬೋರ್ಡ್ ಹುಡುಗ ಎಡಗೈಲೇ ಎಲ್ಲಾ ಬಾರಿಸ್ಬಿಡ್ತಾನೆ."

"ಬಲಗೈಗೆ ಏನು ಕೆಲ್ಸ?" ಅಂದ್ರು ಇವರು.

"ಬಲಗೈಲಿ ಪಿಟೀಲು, ಕೊಳಲು, ಎಲ್ಲಾ."

"ಹಂಗಾದ್ರೆ ಅವನ ಬಾಯಲ್ಲಿ ಹಾಡೂ ಹಾಡಿಸ್ಬಿಡಪ್ಪಾ, ನೀನೂ ಮನೇಲಿರ್ಬಹುದು" ಅಂದೆ ನಾನು ಹೊಲಿಗೆ ಮಿಷನ್ನಿನ ಮುಂದಿಂದ.

"ಅತ್ತಿಗೆ ಮಾತು ನೋಡಿ!" ಅಂತ ನಕ್ಕ. ನಕ್ಕಿದ್ದು ಬಾಯಲ್ಲಿ ಮಾತ್ರ. ಎದ್ದು ನಿಂತು, "ಈ ಸೀಸನ್ನು ನೋಡೋಣ ಅಣ್ಣಾ. ಕ್ಯಾಸೆಟ್ಟಿನ ಥರ ಬಂತು ಅಂದ್ರೆ ನೀವೇ ಇರಿ. ಇಲ್ಲಾಂದ್ರೆ ನಂಗೂ ಕಷ್ಟ" ಅಂದ.

ಆವತ್ತಿಂದ ಇವರು ಟೇಪ್ ರೆಕಾರ್ಡರಿನ ಮುಂದೆ ಕಿವಿ ಇಟ್ಟು ಕೂತ್ರು. ಹಾಡು ಹಿಂದೆ ಹಾಕೋದು, ಮುಂದೆ ಹಾಕೋದು. ಒಂದರಲ್ಲಿ ಬೇಸು ಗೊರಗೊರ ಅಂತಿತ್ತು, ಒಂದರಲ್ಲಿ ನೀರೊಳಗಿಂದ ಬಂದಂಗಿತ್ತು. ಬೆರಳಲ್ಲಿ ಅದು ಬರಲ್ಲ, ಡಬ್ಬಿ ಬೇಕು ಅಂದ್ರು. ಗಿಟಾರಿಂದ ಸ್ಪೀಕರಿಗೆ ಹೋಗೋ ವೈರಿನ ನಡುವೆ ಡಬ್ಬಿ ಸೇರಿಸಿ, ಕಾಲಲ್ಲಿ ತುಳಿದ್ರೆ ಸದ್ದು ಬದಲಾಗುತ್ತಂತೆ. ಪೆಡಲ್ಲು ಅಂತಾರೆ. ಕಾಕ್ಸ್ ಟೌನಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಮುದುಕ ಆಸ್ಟ್ರೇಲಿಯಾಕ್ಕೆ ಹೊರಟಿದ್ದ, ಮನೆ ಸಾಮಾನೆಲ್ಲ ಮಾರ್ತಿದ್ದ. ಜನ ಸೋಫಾ ಕೊಳ್ಳೋಕೆ ಹೋದ್ರೆ ಇವರು ಬಿಸ್ಕತ್ತಿನ ತಗಡು ಡಬ್ಬದಲ್ಲಿ ಮೂರು ಪೆಡಲ್ಲು ತುಂಬಿಕೊಂಡು ಬಂದ್ರು. ಒಂದು ಕಿತ್ತಳೆ ಬಣ್ಣ, ಒಂದು ನೀಲಿ, ಒಂದು ಬಣ್ಣ ಉದುರಿದ್ದು. ನೋಡೋಕೆ ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡವು, ಎತ್ತಿದ್ರೆ ತೂಕದ ಕಲ್ಲಿನಷ್ಟು ಭಾರ.

"ನಾನು ಒಂದು ಪೆಡಲ್ಲು ತುಳಿದು ಸಂಸಾರ ನಡೆಸ್ತಿದೀನಿ. ನಿಮಗೆ ಮೂರು ಬೇಕಾ?" ಅಂದೆ.

"ನೀನು ಸುಮ್ನೆ ಹೊಲಿ" ಅಂದ್ರು.

ಚಾಪೆ ಮೇಲೆ ಸಾಲಾಗಿ ಇಟ್ಕೊಂಡು ಬರಿಗಾಲಲ್ಲಿ ತುಳಿಯೋರು. ಒಂದು ತುಳಿದ್ರೆ ಗಂಟಲು ಕಟ್ಟಿದೋರು ಮಾತಾಡಿದಂಗೆ ಬರೋದು. ಇನ್ನೊಂದಕ್ಕೆ ಸದ್ದು ಅಲೆ ಅಲೆಯಾಗೋದು. ಖುಷಿಯಾಗಿದ್ರು. ಎರಡು ದಿನ ಆದಮೇಲೆ ನಾನು ಹೇಳಿದೆ.

"ರೀ, ಡಬರಿ ಮುಚ್ಚಳ ಅಲ್ಲಾಡ್ತಿಲ್ಲ."

"ಒಳ್ಳೇದೇ ಆಯ್ತಲ್ಲ. ನಿಂಗೆ ತಲೆನೋವು ತಪ್ತು."

"ಅದಲ್ಲ ರೀ. ಡಬ್ಬಿ ತುಳಿದಾಗ ಅಲ್ಲಾಡಲ್ಲ. ಬಿಟ್ಟಾಗ ಅಲ್ಲಾಡುತ್ತೆ. ಕೆಳಗಿನ ಸದ್ದೆಲ್ಲ ಎಲ್ಲೋ ಹೋಗ್ತಿದೆ."

"ನಿಂಗೇನು ಗೊತ್ತು" ಅಂದ್ರು. ಇಂದಿರಾನಗರದ ಒಂದು ಕಾರ್ ಶೆಡ್ಡಿನಲ್ಲಿ ಅವರ ಪ್ರಾಕ್ಟೀಸು ನಡೀತಿತ್ತು. ಅಲ್ಲಿಂದ ಮುಖ ಇಳಿಸ್ಕೊಂಡು ಬಂದ್ರು. ಓನರ್ ಅಂದನಂತೆ, "ಅಣ್ಣಾ, ಎಫೆಕ್ಟು ಬಂತು, ಬೇಸೇ ಹೋಯ್ತಲ್ಲ." ಕೀಬೋರ್ಡ್ ಹುಡುಗ ಕಿಸಕ್ ಅಂದನಂತೆ.

ಮಾರನೇ ದಿನ ನಾನು ಫಾಲ್ ಹೊಲಿದ ಸೀರೆ ವಾಪಸ್ ಕೊಡೋಕೆ ಹೊರಟಿದ್ದೆ, ಇವರೂ ತಗಡು ಡಬ್ಬ ಹಿಡ್ಕೊಂಡು ಬಂದ್ರು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ರೇಡಿಯೋ ರಿಪೇರಿ ಸಾಬರು ಇದ್ರು. ಜಗಲಿಯಷ್ಟು ಅಂಗಡಿ, ಒಳಗೆ ಪೂರ್ತಿ ಕರುಳು ಕಿತ್ತ ರೇಡಿಯೋಗಳು. ಒಂದು ಪೆಡಲ್ಲಿನ ತಳ ಬಿಚ್ಚಿ ನೋಡಿದ್ರು.

"ಸಾಬ್, ಇದು ಆರು ತಂತಿ ಗಿಟಾರ್‌ದು. ಪತ್ಲಾ ಆವಾಜ್‌ಗೆ, ಸಣ್ಣ ಸದ್ದಿಗೆ ಮಾಡಿರೋದು. ನಿಮ್ದು ಮೋಟಾ ಆವಾಜು, ದಪ್ಪ. ಈ ಬಾಗಿಲಲ್ಲಿ ಹಿಡಿಯಲ್ಲ, ಹೊರಗೇ ನಿಂತ್ಕೊಳ್ಳುತ್ತೆ."

"ಬಾಗಿಲು ದೊಡ್ಡದು ಮಾಡೋಕಾಗಲ್ವಾ?"

"ಬೇರೆಯೋರ ಮನೆ ಬಾಗಿಲು ಯಾಕೆ ಒಡೀತೀರ? ಎರಡು ರಸ್ತೆ ಮಾಡೋಣ. ಒಂದು ರಸ್ತೆ ಸೀದಾ ಹೋಗ್ಲಿ, ಇದನ್ನ ಮುಟ್ಟೋದೇ ಬೇಡ. ಇನ್ನೊಂದು ಇವುಗಳೊಳಗೆ ಹೋಗಿ ಬರ್ಲಿ. ಕೊನೇಲಿ ಎರಡೂ ಸೇರಿಸ್ಕೊಳ್ಳಿ. ಮೋಟಾನೂ ಇರುತ್ತೆ, ನಖ್ರಾನೂ ಇರುತ್ತೆ."

ಒಂದು ವಾರಕ್ಕೆ ಹಳೇ ವೋಲ್ಟೇಜ್ ಸ್ಟೆಬಿಲೈಜರಿನ ತಗಡು ಕತ್ತರಿಸಿ ಒಂದು ಡಬ್ಬಿ ಮಾಡಿಕೊಟ್ರು. ಅದಕ್ಕೂ ಪೆಡಲ್ಲುಗಳ ಥರವೇ ಒಳಗೊಂದು ಚೌಕದ ಬ್ಯಾಟರಿ. ಕೊಡುವಾಗ ಬೆರಳು ಆಡಿಸಿ ಹೇಳಿದ್ರು:

"ಒಂದು ಮಾತು. ಇದರಲ್ಲಿ ಸ್ವಿಚ್ ಇಲ್ಲ. ವೈರಿನ ಪಿನ್ ಒಳಗೆ ಹೋಯ್ತು ಅಂದ್ರೆ ಆನ್. ಆ ಮೂರರದ್ದೂ ಅದೇ ಕಥೆ. ನೀವು ಬಾರ್ಸಿ, ಬಾರ್ಸ್ದೇ ಇರಿ, ಬ್ಯಾಟ್ರಿ ಕುಡೀತಾನೇ ಇರುತ್ತೆ. ಕೆಲ್ಸ ಮುಗೀತಾ, ಪಿನ್ ಎಳ್ದುಬಿಡಿ. ಅಮ್ಮಾ, ನೀವೂ ಕೇಳಿಸ್ಕೊಳ್ಳಿ, ಗಂಡಸ್ರು ಮರೀತಾರೆ."

ಮನೆಗೆ ಬಂದು ಸೇರಿಸಿ ಬಾರಿಸಿದ್ರು. ಗೊರಗೊರ ಬಂತು, ಒಳಗೆ ಮುಚ್ಚಳವೂ ನಡುಗ್ತು. ಅವರು ಗಿಟಾರು ಹೆಗಲಲ್ಲೇ ಹಾಕ್ಕೊಂಡು ಅಡುಗೆಮನೆ ಬಾಗಿಲಿಗೆ ಬಂದು ಮುಚ್ಚಳದ ಕಡೆ ನೋಡಿದ್ರು, ನನ್ನ ಕಡೆ ನೋಡಲಿಲ್ಲ. ಅಷ್ಟೇ ನಂಗೆ ಸಿಕ್ಕ ಶಹಭಾಸ್‌ಗಿರಿ.

ಪಿನ್ನಿನ ವಿಷಯದಲ್ಲಿ ಅವರು ಬಹಳ ಜಾಗ್ರತೆ. ಬಾರಿಸಿ ಮುಗಿಸಿದ ತಕ್ಷಣ ಒಂದೊಂದೇ ಎಳೆದು, ವೈರು ಸುತ್ತಿ, ತಗಡು ಡಬ್ಬಕ್ಕೆ ಹಾಕಿ, ಮೇಲೆ ನನ್ನ ಹಳೇ ಸೀರೆ ತುಂಡು ಹೊದಿಸೋರು. ಗಣೇಶನ ಸೀಸನ್ನು ಚೆನ್ನಾಗಿ ಹೋಯ್ತು. ಓನರ್ ಏನೂ ಅನ್ನಲಿಲ್ಲ. ಆ ಕಸುಬಿನಲ್ಲಿ ಏನೂ ಅನ್ನಲಿಲ್ಲ ಅಂದ್ರೆ ಒಪ್ಪಿದ ಅಂತಲೇ. ಜೀವನ್ ಬಿಮಾ ನಗರದ ಒಂದು ಪೆಂಡಾಲಿಗೆ ನಾನೂ ಹೋಗಿದ್ದೆ. ತಲೆ ಮೇಲೆ ವಿಮಾನ ಇಳಿಯುವಾಗ ಹಾಡೋರ ಬಾಯಿ ಮಾತ್ರ ಕಾಣೋದು, ಹಾಡು ಕೇಳ್ತಿರಲಿಲ್ಲ. ಆಗಲೂ ಕಾಲಿನ ಕೆಳಗೆ ನೆಲದಲ್ಲಿ ಇವರದ್ದು ಗೊತ್ತಾಗ್ತಿತ್ತು. ಚೆನ್ನಾಗಿತ್ತು ಅಂತ ಹೇಳಲಿಲ್ಲ. ನಮ್ಮಲ್ಲಿ ಹಂಗೆಲ್ಲ ಹೇಳೋ ಅಭ್ಯಾಸ ಇರಲಿಲ್ಲ.

ಆಮೇಲೆ ಆಯುಧಪೂಜೆ ಬಂತು.

ಫ್ಯಾಕ್ಟ್ರಿಯಲ್ಲಿ ಇದ್ದೋರಿಗೆ ಆಯುಧಪೂಜೆ ಅಂದ್ರೆ ಸಂಕ್ರಾಂತಿ, ಯುಗಾದಿಗಿಂತ ದೊಡ್ಡದು. ಮಿಷನ್ನು ತೊಳೆದು, ಎಣ್ಣೆ ಒರೆಸಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಅದಾದಮೇಲೆ ಯಾರೂ ಮುಟ್ಟಂಗಿಲ್ಲ. ಆಯುಧಕ್ಕೆ ಆವತ್ತು ರಜಾ. ಮಾರನೇ ದಿನ ಮತ್ತೆ ಮಂಗಳಾರತಿ ಎತ್ತಿದ ಮೇಲೇ ಕೈ ಹಚ್ಚೋದು. ಕೆಲಸ ಬಿಟ್ಟು ಬಂದಮೇಲೂ ಇವರು ಮನೇಲಿ ಅದನ್ನ ಬಿಡಲಿಲ್ಲ. ಹಬ್ಬದ ದಿನ ನಂಗೆ ಕತ್ತರಿ ಮುಟ್ಟೋಕೆ ಬಿಡ್ತಿರಲಿಲ್ಲ. ಈಳಿಗೆಮಣೆಯನ್ನೂ ಪೂಜೆಗೆ ಇಟ್ಟುಬಿಡೋರು, ತರಕಾರಿ ಎಲ್ಲ ಮೊದಲೇ ಹೆಚ್ಚಿಡಬೇಕು.

ಆ ವರ್ಷ ಚಾಪೆ ಹಾಸಿ ಗೋಡೆಗೆ ಗಿಟಾರು ಒರಗಿಸಿದ್ರು. ಮುಂದೆ ಪೆಡಲ್ಲುಗಳು, ಕೊನೆಗೆ ಸಾಬರ ಡಬ್ಬಿ. ಗಿಟಾರಿಂದ ವೈರು ತಂದು ಚುಚ್ಚಿದ್ರು, ಒಂದರಿಂದ ಇನ್ನೊಂದಕ್ಕೆ ಚುಚ್ಚಿದ್ರು, ಸ್ಟೇಜಿನ ಮೇಲೆ ಹೆಂಗಿರುತ್ತೋ ಹಂಗೆ.

"ವೈರು ಯಾಕೆ ರೀ? ಸುಮ್ನೆ ಇಡಿ, ಕುಂಕುಮ ಇಡ್ತೀನಿ" ಅಂದೆ.

"ಬಿಡಿ ಬಿಡಿಯಾಗಿ ಇಟ್ರೆ ಸಾಮಾನು ಕಣೇ. ಸೇರಿಸಿಟ್ರೆ ತಾನೇ ಆಯುಧ" ಅಂದ್ರು. ನೀಲಿದನ್ನ ಒಂದ್ಸಲ ಒತ್ತಿದ್ರು, ಅದರ ಮೇಲೆ ಜೋಳದ ಕಾಳಿನಷ್ಟು ಕೆಂಪು ದೀಪ ಹತ್ತಿಕೊಂಡ್ತು. ಇರಲಿ, ಲಕ್ಷಣವಾಗಿದೆ ಅಂತ ಬಿಟ್ರು. ನಾನು ವಿಭೂತಿ ಬಳಿದೆ.

"ಗುಂಡಿ ಸಂದಿಗೆ ಕುಂಕುಮ ಹಾಕ್ಬೇಡ, ಒಳಗೆ ಇಳಿದ್ರೆ ಕೆಟ್ಟುಹೋಗುತ್ತೆ. ನೀರು ಚಿಮುಕಿಸ್ಬೇಡ. ಹೂವು ಒದ್ದೆ ಇದ್ರೆ ಒರೆಸಿ ಇಡು."

ಅಷ್ಟೆಲ್ಲ ನೆನಪಿತ್ತು ಅವರಿಗೆ. ಕಡಲೆಪುರಿ ಕೊಡೋಕೆ ಕರೆದಾಗ ತಮಿಳಮ್ಮ ಬಂದು ಸೊಂಟದ ಮೇಲೆ ಕೈ ಇಟ್ಕೊಂಡು ನೋಡಿದಳು.

"ಅಣ್ಣಾ, ಎರಡು ತಂತಿ ಹಾಕಿಸೋ ಬದ್ಲು ಇಷ್ಟೊಂದು ಡಬ್ಬಿ ತಂದ್ರಾ?"

ಆವತ್ತು ಅವರಿಗೂ ನಗು ಬಂತು. "ನೋಡು, ಮುಟ್ಟಬೇಡ. ನಾಳೆವರೆಗೂ ಮುಟ್ಟಂಗಿಲ್ಲ" ಅಂದ್ರು. ಯಾರೂ ಮುಟ್ಟಲಿಲ್ಲ. ಸಾಬರ ಮಾತು ನಂಗೆ ಹೊಳೀಲಿಲ್ಲ. ದಿನಾ ಎಳೆಯೋ ಕೈಗೇ ಹೊಳೀಲಿಲ್ಲ. ಕೆಲಸ ಮುಗಿದ ಮೇಲೆ ತಾನೇ ಅವರು ಪಿನ್ ಎಳೀತಿದ್ದದ್ದು, ಆವತ್ತು ಕೆಲಸವೇ ಮಾಡಿರಲಿಲ್ಲ.

ವಿಜಯದಶಮಿ ದಿನ ಬೆಳಗ್ಗೆ ಮಂಗಳಾರತಿ ಆಯ್ತು. ಕೆಂಪು ದೀಪ ಕಾಣಲಿಲ್ಲ. ಅವರು ಆರಿಸಿದಾರೆ ಅಂತ ನಾನು ಅಂದ್ಕೊಂಡೆ. ಸೇವಂತಿಗೆ ಬಾಡಿ ಅದರ ಮೇಲೆ ಬಿದ್ದಿತ್ತು, ಅವರು ನೋಡಿದ್ರೋ ಇಲ್ವೋ. ಅಷ್ಟರಲ್ಲಿ ವ್ಯಾನು ಬಂದು ಹಾರನ್ ಹೊಡೀತು. ಪಿನ್ ಎಳೆದು, ಹೂವು ಕೊಡವಿ, ಕುಂಕುಮದ ಸಮೇತ ತಗಡು ಡಬ್ಬಕ್ಕೆ ತುಂಬಿದ್ರು. ಹಬ್ಬದ ದಿನ ಮನೇಲಿ ಒಬ್ಬಳೇ ಏನು ಮಾಡ್ಲಿ ಅಂತ ನಾನೂ ವ್ಯಾನು ಹತ್ತಿದೆ.

ಪ್ರೋಗ್ರಾಂ ಇದ್ದದ್ದು ಕೃಷ್ಣರಾಜಪುರದ ಮಾರ್ಕೆಟ್ಟಿನ ಹತ್ತಿರ. ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳಿಗೂ ಬಾಳೆಕಂದು ಕಟ್ಟಿತ್ತು, ಒಂದೂ ಮುಂದಕ್ಕೆ ಹೋಗ್ತಿರಲಿಲ್ಲ. ನಾವು ತಲುಪೋ ಹೊತ್ತಿಗೆ ಸ್ಟೇಜಿನ ಮೇಲೆ ಭಾಷಣ ಶುರುವಾಗಿತ್ತು. ಬಾರಿಸಿ ನೋಡೋಕೆ ಆಗಲೇ ಇಲ್ಲ. ಭಾಷಣ ಮುಗಿದ ಹಾಗೇ ಓನರ್ ಮೈಕ್ ಹಿಡಿದು ಹಾಡೇ ಶುರು ಮಾಡಿಬಿಟ್ಟ.

ನಾನು ಸ್ಟೇಜಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಇವರ ಬೆರಳು ಆಡ್ತಿತ್ತು, ಕೆಳಗೆ ಏನೂ ಬರಲಿಲ್ಲ. ಬಗ್ಗಿ ನೋಡಿದ್ರು. ಕಿತ್ತಳೆದು ತುಳಿದ್ರು, ನೀಲಿದು ತುಳಿದ್ರು. ಯಾವುದಕ್ಕೂ ದೀಪವಿಲ್ಲ. ಕೀಬೋರ್ಡ್ ಹುಡುಗ ಒಂದ್ಸಲ ಈ ಕಡೆ ನೋಡಿ, ಎಡಗೈ ಕೆಳಗೆ ಸರಿಸಿದ. ಧುಂ ಧುಂ ಬಂತು. ಹಾಡು ಎಲ್ಲೂ ನಿಲ್ಲಲಿಲ್ಲ. ಮುಂದೆ ಕೂತ ಜನ ತಲೆಯಾಡಿಸ್ತಿದ್ದದ್ದೂ ನಿಲ್ಲಲಿಲ್ಲ.

ಇವರು ನೆಲದ ಮೇಲೆ ಕೂತು ಎಲ್ಲಾ ವೈರು ಕಿತ್ತು, ಗಿಟಾರಿನದ್ದನ್ನ ಸೀದಾ ಸ್ಪೀಕರಿಗೆ ಚುಚ್ಚಿದ್ರು. ಮಂಡಿಗೆಲ್ಲ ಕುಂಕುಮ ಹತ್ತಿತ್ತು. ಎದ್ದು ನಿಂತು ಒಂದು ಸ್ವರ ಬಾರಿಸಿದ್ರು. ನನ್ನ ಕುರ್ಚಿ ಅದುರ್ತು. ಓನರ್ ಹಾಡ್ತಾ ಹಾಡ್ತಾನೇ ಹಿಂದೆ ತಿರುಗಿ ಅಂಗೈ ತೋರಿಸಿದ, ಸಾಕು ಅಂತ. ಹಾಡು ಮುಗಿದ ಮೇಲೆ ಚಪ್ಪಾಳೆ ಗದ್ದಲದಲ್ಲಿ ಹತ್ತಿರ ಬಂದು ಹೇಳಿದ್ದು ನಂಗೂ ಕೇಳಿಸ್ತು.

"ಅಣ್ಣಾ, ಈಗ ಸೆಟ್ ಆಗಿದೆ, ಕೆಡಿಸ್ಬೇಡಿ. ಹಂಗೇ ಹಿಡ್ಕೊಂಡು ನಿಂತಿರಿ. ಸ್ಟೇಜ್ ತುಂಬಿದಂಗೆ ಕಾಣ್ಲಿ."

ಕಾರ್ಯಕ್ರಮ ಮುಗಿಯೋವರೆಗೂ ನಿಂತಿದ್ರು. ಬೆರಳು ಆಡಿಸ್ತಾನೇ ಇದ್ರು. ಕೆಳಗಿಳಿದು ಬರುವಾಗ ಒಬ್ಬ ದೊಡ್ಡ ಹೊಟ್ಟೆಯ ಮನುಷ್ಯ, ಊರಿನ ಪೈಕಿಯೋನೇ ಇರಬೇಕು, ಕೈ ಹಿಡ್ಕೊಂಡು ಕುಲುಕಿದ. "ಸಾರ್, ಬೇಸ್ ಸಖತ್ತಾಗಿತ್ತು! ಎದೆಗೆ ಬಡೀತು ನೋಡಿ!" ಅಂದ. ಇವರು ಥ್ಯಾಂಕ್ಸ್ ಅಂದ್ರು. ಬೇರೆ ಏನು ಅನ್ನೋಕಾಗುತ್ತೆ.

ಮಾರನೇ ಬೆಳಗ್ಗೆ ಡಬ್ಬಿಗಳ ತಳ ಬಿಚ್ಚಿ, ಗಣೇಶನ ಹಬ್ಬದಲ್ಲಿ ಹಾಕಿದ್ದ ಬ್ಯಾಟರಿ ತೆಗೆದ್ರು. ಆ ಚೌಕದ ಬ್ಯಾಟರಿಯನ್ನ ನಾಲಿಗೆಗೆ ಮುಟ್ಟಿಸಿ ನೋಡೋದು, ಜೀವ ಇದ್ರೆ ಚುರ್ ಅನ್ನುತ್ತೆ. ಒಂದೊಂದನ್ನೂ ನಾಲಿಗೆಗೆ ಇಟ್ರು. "ಸಪ್ಪೆ" ಅಂದ್ರು. ಎಲ್ಲವೂ ಸಪ್ಪೆ. ಆಮೇಲೆ ಪೂಜೆ ಮಾಡಿದ ಗೋಡೆಯ ಕಡೆ ನೋಡಿದ್ರು. ಅಲ್ಲಿ ಅರಿಶಿನದ ಕಲೆ ಇತ್ತು.

"ಪೂಜೆ ಮಾಡಿದ್ದು ತಪ್ಪಾಯ್ತಾ ರೀ?" ಅಂದೆ.

"ಪೂಜೆ ಅಲ್ಲ. ಪಿನ್ನು" ಅಂದ್ರು.

ಎರಡು ವಾರ ಬಿಟ್ಟು ಓನರ್ ಬಂದ. ಇವರು ಬ್ಯಾಟರಿ ವಿಷಯ ಹೇಳೋಕೆ ಶುರು ಮಾಡಿದ್ರು, ಅವನು ಕೈ ಅಡ್ಡ ಹಿಡಿದ. "ಅಯ್ಯೋ, ಆಗಿದ್ದು ಒಳ್ಳೇದಕ್ಕೇ ಬಿಡಿ ಅಣ್ಣಾ. ಮುಂದಿನ ಪ್ರೋಗ್ರಾಂಗೂ ಬನ್ನಿ. ಗಿಟಾರ್ ತನ್ನಿ. ಡಬ್ಬಿ ಬೇಡ, ಅಷ್ಟೊಂದು ವೈರೂ ಬೇಡ. ಬುಕ್ ಮಾಡೋರು ಸ್ಟೇಜ್ ಮೇಲೆ ಎಷ್ಟು ಜನ ಆರ್ಟಿಸ್ಟು ಅಂತ ಕೇಳ್ತಾರೆ. ಗಿಟಾರ್ ಹಿಡಿದೋರು ಒಬ್ರು ನಿಂತ್ರೆ ಅದರ ಗತ್ತೇ ಬೇರೆ" ಅಂದ. ಅವನು ಹೀಯಾಳಿಸಿ ಹೇಳಲಿಲ್ಲ. ಉಪಕಾರ ಮಾಡ್ತಿದೀನಿ ಅಂತಲೇ ಹೇಳಿದ. ಹಂಗಾಗಿ ಬೈಯೋಕೂ ನಂಗೆ ಹಿಡಿ ಸಿಗಲಿಲ್ಲ.

ಅವನು ಹೋದಮೇಲೆ, "ಹೊಸ ಬ್ಯಾಟರಿ ಹಾಕಿ ಇನ್ನೊಂದ್ಸಲ ಬಾರ್ಸಿ ತೋರ್ಸಿ" ಅಂದೆ.

"ಯಾರಿಗೆ ತೋರಿಸ್ಲಿ?" ಅಂದ್ರು. "ಬಾರ್ಸ್ದೇ ಇದ್ದಾಗಲೇ ಎದೆಗೆ ಬಡೀತು ಅಂದ್ರಲ್ಲ."

ಬೇಡ ಅಂತಾರೆ ಅಂದ್ಕೊಂಡಿದ್ದೆ. ಹೋದ್ರು. ಹೋಗಿ ಅಂತ ನಾನೂ ಅಂದೆ, ಮನೇಲಿ ಕೂತು ಉಪ್ಪಿನ ಲೆಕ್ಕ ಹಾಕೋದಕ್ಕಿಂತ ವಾಸಿ. ಅದೇ ಬಿಳಿ ಪ್ಯಾಂಟು, ಅದೇ ಮಿರಮಿರ ಅಂಗಿ. ಗಿಟಾರಿಂದ ಒಂದು ವೈರು ಸ್ಪೀಕರಿನ ಹಿಂದಕ್ಕೆ ಹೋಗಿರೋದು, ಅಲ್ಲಿ ಯಾವುದಕ್ಕೂ ಚುಚ್ಚಿರ್ತಿರಲಿಲ್ಲ. ರಾಜ್ಯೋತ್ಸವಕ್ಕೆ ನಾನು ಹತ್ತಿರದಿಂದ ನೋಡಿದೆ. ಬೆರಳು ಒಂದೊಂದೂ ಸರಿಯಾದ ಜಾಗಕ್ಕೇ ಹೋಗ್ತಿತ್ತು, ಹಾಡು ಎಲ್ಲಿ ತಿರುಗುತ್ತೋ ಅಲ್ಲಿ ತಿರುಗ್ತಿತ್ತು.

"ಸದ್ದೇ ಬರಲ್ಲ, ಯಾಕಷ್ಟು ನೆಟ್ಟಗೆ ಒತ್ತುತ್ತೀರ?" ಅಂದೆ.

"ಬೇರೆ ಥರ ಹಿಡಿಯೋಕೆ ನಂಗೆ ಬರಲ್ಲ" ಅಂದ್ರು.

ಮನೇಲಿ ಬಾರಿಸೋದು ನಿಂತ್ಹೋಯ್ತು. ಡಬರಿ ಮುಚ್ಚಳ ಸುಮ್ಮನಾಯ್ತು. ತಮಿಳಮ್ಮ ಒಂದ್ಸಲ "ಏನಣ್ಣಾ, ಇರೋ ನಾಲ್ಕೂ ಕಿತ್ತೋಯ್ತಾ?" ಅಂತ ಕೇಳಿದಳು. ಅವರಿಗೆ ಸಿಟ್ಟು ಬರಲಿಲ್ಲ. ಆಮೇಲೆ ಅವಳೂ ಕೇಳೋದು ಬಿಟ್ಟಳು.

ಮತ್ತೆ ಆಯುಧಪೂಜೆ ಬಂತು. ತಗಡು ಡಬ್ಬ ಅಟ್ಟದ ಮೇಲೆ ಇತ್ತು, ಇಳಿಸಲಿಲ್ಲ. ನಾನು ಚಾಪೆ ಹಾಸಿ, ನನ್ನ ಮಿಷನ್ನು, ಕತ್ತರಿ, ಈಳಿಗೆಮಣೆ ಇಟ್ಟು, "ಗಿಟಾರು ತನ್ನಿ" ಅಂದೆ.

"ಅದ್ಯಾಕೆ?"

"ದುಡಿಯುತ್ತಲ್ಲ ರೀ."

"ಅದೆಲ್ಲಿ ದುಡಿಯುತ್ತೆ? ನಿಂತ್ಕೊಳ್ಳೋನು ನಾನು" ಅಂದ್ರು.

ಗೋಡೆಯ ಮೊಳೆಯಲ್ಲೇ ಬಿಟ್ಟೆವು. ಪೂಜೆ ಮಾಡಿದ ಆಯುಧ ಮಾರನೇ ದಿನದವರೆಗೆ ಮುಟ್ಟಂಗಿಲ್ಲ, ಇದಕ್ಕೆ ಪೂಜೆ ಆಗಿರಲಿಲ್ಲ. ಆವತ್ತೇ ಸಂಜೆ ವ್ಯಾನು ಬಂತು. ಎತ್ಕೊಂಡು ಹೋದ್ರು.